ಸಮಯವಿದ್ದರೂ ಕೋರ್ಸ್ ಅರ್ಧಕ್ಕೆ ನಿಲ್ಲುವುದು ಯಾಕೆ?

ನಿಮ್ಮ ಅಕ್ಕ ಕೆಲಸ ಬಿಟ್ಟು ಮನೆಯಲ್ಲೇ ಇದ್ದಾರೆ, ಸಮಯ ಬೇಕಾದಷ್ಟಿದೆ, ಆದರೂ ಕೇಂದ್ರ ಸರ್ಕಾರದ ಆನ್‌ಲೈನ್ ಕಲಿಕಾ ತಾಣ ಸ್ವಯಂನಲ್ಲಿ ಸೇರಿದ ಎನ್‌ಪಿಟೆಲ್ (ಐಐಟಿಗಳು ಮತ್ತು ಐಐಎಸ್‌ಸಿ ನಡೆಸುವ) ಕೋರ್ಸ್ ಎರಡನೇ ವಾರಕ್ಕೇ ನಿಂತಿತು ಅಂದಿದ್ದೀರಿ. ದಯವಿಟ್ಟು ಅವರಿಗೆ ಆಸಕ್ತಿ ಇಲ್ಲ ಅಂದುಕೊಳ್ಳಬೇಡಿ. ಫೋನಲ್ಲಿ ವಿಡಿಯೊ ನೋಡುವುದು ಬೇರೆ, ಲಾಗಿನ್ ಆಗಿ, ಅಸೈನ್‌ಮೆಂಟ್ ಹುಡುಕಿ, ಗಡುವಿನೊಳಗೆ ಸಬ್ಮಿಟ್ ಮಾಡುವುದು ಬೇರೆ ಅಲ್ವಾ? ಆಫೀಸಿಗೆ ಹೋಗುವವರಿಗೆ ಸಮಯ ಕಮ್ಮಿ, ಆದರೆ ಇದೆಲ್ಲ ಕೈಗೆ ರೂಢಿಯಾಗಿರುತ್ತದೆ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಪಕ್ಕದ ಮೇಜಿನವರನ್ನು ಕೇಳುತ್ತಾರೆ. ಮನೆಯಲ್ಲಿರುವವರು ಯಾರನ್ನು ಕೇಳಬೇಕು? ಮೊದಲ ಕೆಲವು ವಾರ ನೀವೇ ಪಕ್ಕದಲ್ಲಿ ಕೂರಿ, ಮೌಸ್ ಮಾತ್ರ ಅವರ ಕೈಯಲ್ಲೇ ಇರಲಿ. 12 ವಾರದ ಕೋರ್ಸಲ್ಲಿ ಹೆಚ್ಚು ಅಂಕ ಬಂದ 8 ಅಸೈನ್‌ಮೆಂಟ್ ಮಾತ್ರ ಲೆಕ್ಕಕ್ಕೆ ಬರುತ್ತವೆ, ಹಾಗಾಗಿ ಒಂದೆರಡು ತಪ್ಪಿತು ಅಂತ ಬಿಡಬೇಕಿಲ್ಲ. ಕಲಿಯುವುದು ಉಚಿತ. ಸರ್ಟಿಫಿಕೇಟ್ ಬೇಕಿದ್ದರೆ ಮಾತ್ರ ಶುಲ್ಕ ಕಟ್ಟಿ, ಕೇಂದ್ರಕ್ಕೆ ಹೋಗಿ ಪರೀಕ್ಷೆ ಬರೆಯಬೇಕು.