ಯುದ್ಧ ಮುಗಿದ ದೇಶಗಳಿಗೆ ಕಳಿಸಲು ಅಮೆರಿಕ ಕಟ್ಟಿದ ಸಿವಿಲ್ ಪಡೆ ಏನಾಯ್ತು?

ಸೈನ್ಯಕ್ಕೆ ಅಷ್ಟೊಂದು ದುಡ್ಡು ಸುರಿಯುವ ಅಮೆರಿಕಕ್ಕೆ, ಯುದ್ಧ ಮುಗಿದ ಮೇಲೆ ಕಳಿಸಲು ಎಂಜಿನಿಯರ್, ಪೊಲೀಸ್, ಕೃಷಿ ಅಧಿಕಾರಿಗಳ ಒಂದು ಪಡೆ ಕಟ್ಟಲು ಯಾಕೆ ಆಗಲಿಲ್ಲ ಅಂತ ಕೇಳಿದ್ದೀರಿ. ಭಾರತ ಇಂಥದ್ದು ಕಟ್ಟಬಹುದಾ ಅಂತಲೂ ಕೇಳಿದ್ದೀರಿ. ನಾನು ವಿದೇಶಾಂಗ ತಜ್ಞನೇನಲ್ಲ. ಕಂದಾಯ ಇಲಾಖೆಯಲ್ಲಿ ಸರ್ವೀಸ್ ಮಾಡಿದವನು. ಇರಾಕ್ ಯುದ್ಧದ ಕಾಲದಿಂದ ಈ ವಿಷಯ ಓದುತ್ತಾ ಬಂದಿದ್ದೇನೆ. ನನಗೆ ಕಾಣುವ ಕಾರಣ ಬಹಳ ಸರಳ: ಸೈನ್ಯದಲ್ಲಿ ಯುದ್ಧ ಇಲ್ಲದಾಗಲೂ ಜನ ಇರುತ್ತಾರೆ, ತರಬೇತಿ ಮಾಡುತ್ತಾ ಕಾಯುತ್ತಾರೆ. ಸರ್ಕಾರಿ ಕಚೇರಿಯಲ್ಲಿ ಕಾಯುತ್ತಾ ಕೂರುವ ಹುದ್ದೆಯನ್ನು ಯಾರೂ ಮಂಜೂರು ಮಾಡುವುದಿಲ್ಲ.

ಮೊದಲು ಇರಾಕ್. 2003ರ ಮೇ ತಿಂಗಳಲ್ಲಿ ಅಮೆರಿಕ ನೇಮಿಸಿದ ಆಡಳಿತಗಾರ ಪಾಲ್ ಬ್ರೆಮರ್ ಬಾಗ್ದಾದ್‌ಗೆ ಬಂದು ಆಡಳಿತ ವಹಿಸಿಕೊಂಡರು. ಸದ್ದಾಂ ಹುಸೇನ್‌ನ ಬಾತ್ ಪಕ್ಷದ ಮೇಲಿನ ಹಂತದವರನ್ನು ಕೆಲಸದಿಂದ ತೆಗೆದರು, ಸೈನ್ಯವನ್ನೇ ವಿಸರ್ಜಿಸಿದರು. ಅಂದರೆ ಕೆಲಸ ಗೊತ್ತಿದ್ದ ಎಷ್ಟೋ ಸ್ಥಳೀಯರು ಮನೆಗೆ ಹೋದರು. ಅವರ ಜಾಗಕ್ಕೆ ಅಮೆರಿಕದಿಂದ ಬಂದವರಲ್ಲಿ ಅನುಭವಿಗಳೂ ಇದ್ದರು, ಸುಮ್ನೆ ಸಿಕ್ಕವರೂ ಇದ್ದರು. ಬಾಗ್ದಾದ್‌ನ ಷೇರುಪೇಟೆ ಮತ್ತೆ ತೆರೆಯುವ ಹೊಣೆ ಬಿದ್ದದ್ದು 24 ವರ್ಷದ ಒಬ್ಬ ಹುಡುಗನ ಮೇಲೆ. ಹಣಕಾಸಿನ ಅನುಭವವೇ ಇರಲಿಲ್ಲ. ಆತ ಕಂಪ್ಯೂಟರ್ ವ್ಯವಸ್ಥೆ, ಹೊಸ ಕಾನೂನು ಅಂತೆಲ್ಲ ದೊಡ್ಡ ಯೋಜನೆ ಹಾಕಿದ. ಕೊನೆಗೆ 2004ರ ಜೂನ್‌ನಲ್ಲಿ ಪೇಟೆ ಶುರುವಾದಾಗ ದಲ್ಲಾಳಿಗಳು ಬಿಳಿ ಬೋರ್ಡ್ ಮೇಲೆ ಮಾರ್ಕರ್‌ನಲ್ಲಿ ದರ ಬರೆದು ವ್ಯಾಪಾರ ಮಾಡಿದರು. ಕಂಪ್ಯೂಟರ್ ವ್ಯಾಪಾರ ಬಂದದ್ದು 2009ರಲ್ಲಿ. ಬೋರ್ಡಿಗೆ ತಿಂಗಳುಗಟ್ಟಲೆ ಯೋಜನೆ ಬೇಕಿತ್ತಾ ಹೇಳಿ!

ಇದೆಲ್ಲ ನೋಡಿದ ಮೇಲೆ 2004ರಲ್ಲಿ ವಿದೇಶಾಂಗ ಇಲಾಖೆಯೊಳಗೆ ಪುನರ್ನಿರ್ಮಾಣಕ್ಕೇ ಅಂತ ಒಂದು ಕಚೇರಿ ತೆರೆದರು. ಕಾರ್ಲೋಸ್ ಪಾಸ್ಕುವಲ್ ಅದರ ಮೊದಲ ಮುಖ್ಯಸ್ಥ. ಆದರೆ ಇರಾಕ್, ಅಫ್ಘಾನಿಸ್ತಾನದ ಮುಖ್ಯ ಕೆಲಸ ಇವರ ಕೈಗೆ ಬರಲೇ ಇಲ್ಲ. ಆಯಾ ಪ್ರದೇಶ ನೋಡಿಕೊಳ್ಳುವ ಹಳೆಯ ವಿಭಾಗಗಳು ತಮ್ಮ ಫೈಲನ್ನು ಹೊಸಬರಿಗೆ ಬಿಟ್ಟುಕೊಡುತ್ತವಾ? ನಮ್ಮ ಇಲಾಖೆಗಳನ್ನು ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. ದುಡ್ಡಿನ ಕಥೆ ಇನ್ನೂ ತಮಾಷೆ. ಕೆಲವು ವರ್ಷ ಈ ಕಚೇರಿಯ ಯೋಜನೆಗಳಿಗೆ ಹಣ ಬಂದದ್ದು ರಕ್ಷಣಾ ಇಲಾಖೆಯ ಬಜೆಟ್‌ನಿಂದ.

2007ರಲ್ಲಿ ಇರಾಕ್‌ಗೆ ಇನ್ನಷ್ಟು ಪ್ರಾಂತೀಯ ಪುನರ್ನಿರ್ಮಾಣ ತಂಡಗಳನ್ನು, ಅಂದರೆ ಪ್ರಾಂತ್ಯಗಳಲ್ಲೇ ಇದ್ದು ಸ್ಥಳೀಯ ಆಡಳಿತಕ್ಕೆ ನೆರವಾಗುವ ತಂಡಗಳನ್ನು, ಕಳಿಸಬೇಕಾಯಿತು. ಸಿವಿಲ್ ಅಧಿಕಾರಿಗಳು ಸಾಲದೆ, ಆ ಜಾಗಗಳಿಗೆ ತಾತ್ಕಾಲಿಕವಾಗಿ ನಿಮ್ಮವರನ್ನೇ ಕೊಡಿ ಅಂತ ವಿದೇಶಾಂಗ ಇಲಾಖೆ ಪೆಂಟಗನ್, ಅಂದರೆ ರಕ್ಷಣಾ ಇಲಾಖೆಯ, ಬಾಗಿಲು ತಟ್ಟಿತು. ಅದೇ ವರ್ಷ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಗೇಟ್ಸ್ ಕ್ಯಾನ್ಸಸ್‌ನ ಭಾಷಣದಲ್ಲಿ ಒಂದು ಲೆಕ್ಕ ಕೊಟ್ಟರು: ಇಡೀ ಅಮೆರಿಕದ ವಿದೇಶಾಂಗ ಸೇವೆಯ ಅಧಿಕಾರಿಗಳು ಸುಮಾರು 6,600. ವಿಮಾನವಾಹಕ ನೌಕೆ, ಅದರ ಜೊತೆಯ ಹಡಗುಗಳು ಸೇರಿದ ಒಂದೇ ಒಂದು ಪಡೆಯಲ್ಲಿ ಅದಕ್ಕಿಂತ ಜಾಸ್ತಿ ಜನ ಇದ್ದಾರೆ! ರಕ್ಷಣಾ ಕಾರ್ಯದರ್ಶಿಯೇ ನಿಂತು, ಪಕ್ಕದ ಇಲಾಖೆಗೆ ಹೆಚ್ಚು ದುಡ್ಡು ಕೊಡಿ ಅಂತ ಕೇಳಿದ್ದು ಅಪರೂಪ ಅಲ್ವಾ?

2008ರಲ್ಲಿ ಆ ಪುನರ್ನಿರ್ಮಾಣ ಕಚೇರಿಯ ಕೆಳಗೆ ಸಿವಿಲಿಯನ್ ರೆಸ್ಪಾನ್ಸ್ ಕೋರ್, ಅಂದರೆ ನೀವು ಕೇಳಿದ ಸಿವಿಲ್ ಪಡೆ, ಹುಟ್ಟಿತು. ಕಾನೂನಿನ ಬೆಂಬಲವೂ ಅದೇ ವರ್ಷ ಸಿಕ್ಕಿತು. ಕಾಗದದ ಮೇಲೆ ಚೆನ್ನಾಗಿತ್ತು. ಕರೆದ ಎರಡು ಮೂರು ದಿನದಲ್ಲಿ ಹೊರಡುವ 250 ಜನ. ತಿಂಗಳೊಳಗೆ ಹೊರಡುವ 2,000 ಜನ, ಇವರು ಬೇರೆ ಇಲಾಖೆಗಳಲ್ಲಿ ಕೆಲಸದಲ್ಲಿರುವವರು. ಜೊತೆಗೆ ಸರ್ಕಾರದ ಹೊರಗಿನ 2,000 ಜನ. ಈ ಕೊನೆಯ ಗುಂಪಿಗೆ ಸಂಸತ್ತು ಹಣವನ್ನೇ ಕೊಡಲಿಲ್ಲ. ಮೊದಲನೆಯದು 250 ಮುಟ್ಟಲೇ ಇಲ್ಲ.

ನಡುವಿನ ಗುಂಪಿನ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಚುನಾವಣೆಗೆ, ನೆರೆ ಪರಿಹಾರಕ್ಕೆ ಅಂತ ನಮ್ಮ ಕಚೇರಿಯಿಂದ ಜನರನ್ನು ನಿಯೋಜನೆ ಮೇಲೆ ಕಳಿಸುತ್ತಿದ್ದರು. ಹೋದವರ ಟೇಬಲ್ ಮೇಲಿನ ಪಹಣಿ ತಿದ್ದುಪಡಿ ಅರ್ಜಿಗಳು ಹಾಗೇ ಬಿದ್ದಿರುತ್ತಿದ್ದವು. ರೈತರು ಬಂದು ಬೈಯುತ್ತಿದ್ದದ್ದು ಕಚೇರಿಯಲ್ಲಿ ಉಳಿದವರನ್ನು. ಹಾಗಾಗಿ ಯಾವ ಮೇಲಧಿಕಾರಿಯೂ ಚುರುಕಾದ ಕೈಯನ್ನು ಬಿಟ್ಟುಕೊಡುತ್ತಿರಲಿಲ್ಲ. ವಾಷಿಂಗ್ಟನ್‌ನಲ್ಲೂ ಮನುಷ್ಯರೇ ಇರುವುದು. ಕೃಷಿ ಇಲಾಖೆಯವರು ತಮ್ಮ ಒಳ್ಳೆಯ ತಜ್ಞನನ್ನು ವರ್ಷಗಟ್ಟಲೆ ಇನ್ನೊಂದು ಇಲಾಖೆಗೆ ಯಾಕೆ ಕೊಟ್ಟಾರು? ಅವನ ಜಾಗಕ್ಕೆ ಬದಲಿ ಕೊಡುವುದಕ್ಕೂ ದುಡ್ಡಿಟ್ಟಿದ್ದರೆ ಕಥೆ ಬೇರೆಯಾಗುತ್ತಿತ್ತು ಅನ್ನಿಸುತ್ತದೆ.

ಏನೂ ಆಗಲಿಲ್ಲ ಅಂತಲ್ಲ. 2011ರಲ್ಲಿ ದಕ್ಷಿಣ ಸುಡಾನ್‌ನ ಜನಮತದ ಹೊತ್ತಿಗೆ ಈ ಪಡೆಯವರು ಅಲ್ಲಿ ಓಡಾಡಿ ಕೆಲಸ ಮಾಡಿದರು. ಅದೇ ವರ್ಷದ ಕೊನೆಗೆ ಪುನರ್ನಿರ್ಮಾಣದ ಆ ಕಚೇರಿಯ ಜಾಗದಲ್ಲಿ ಒಂದು ಪೂರ್ಣ ಪ್ರಮಾಣದ ಬ್ಯೂರೋ ಬಂತು. ಆದರೆ ಮುಂದೆ ದೊಡ್ಡ ಪಡೆಯ ಕನಸನ್ನು ಮೆಲ್ಲಗೆ ಕೈಬಿಟ್ಟರು.

ಇನ್ನು ಭಾರತ. ನಮ್ಮಲ್ಲಿ ಇಂಥ ಪಡೆ ಇಲ್ಲ. ಆದರೆ ಅಫ್ಘಾನಿಸ್ತಾನದಲ್ಲಿ ಜರಂಜ್‌ನಿಂದ ದೆಲಾರಾಮ್‌ವರೆಗಿನ 218 ಕಿಲೋಮೀಟರ್ ರಸ್ತೆಯನ್ನು ನಮ್ಮ ಗಡಿ ರಸ್ತೆಗಳ ಸಂಸ್ಥೆ ಕಟ್ಟಿ 2009ರಲ್ಲಿ ಒಪ್ಪಿಸಿತು. ತಾಲಿಬಾನ್ ದಾಳಿಗಳ ನಡುವೆ, ಐಟಿಬಿಪಿ (ಇಂಡೋ-ಟಿಬೆಟನ್ ಗಡಿ ಪೊಲೀಸ್) ಕಾವಲಿನಲ್ಲಿ. ಸಾಧ್ಯವಾದದ್ದು ಹೇಗೆ ಅಂದರೆ ಆ ಸಂಸ್ಥೆ ಮನೆಯಲ್ಲೂ ದಿನಾ ಅದೇ ಕೆಲಸ ಮಾಡುತ್ತದೆ, ಲಡಾಖ್‌ನಲ್ಲಿ, ಅರುಣಾಚಲದಲ್ಲಿ. ಜನ, ಯಂತ್ರ, ಅನುಭವ ಎಲ್ಲ ಕೈಯಲ್ಲೇ ಇತ್ತು. ನನ್ನನ್ನು ಕೇಳಿದರೆ ದೆಹಲಿಯಲ್ಲಿ ಹೊಸ ಬೋರ್ಡ್ ಹಾಕುವ ಬದಲು ಇಂಥ ಇರುವ ಸಂಸ್ಥೆಗಳಿಗೇ, ನಮ್ಮ ಚುನಾವಣಾ ಸಿಬ್ಬಂದಿಗೂ ಸೇರಿಸಿ, ಒಂದಷ್ಟು ಹೆಚ್ಚುವರಿ ಹುದ್ದೆ ಕೊಡಬೇಕು. ಹಣಕಾಸು ಇಲಾಖೆ ಒಪ್ಪುತ್ತದಾ ಅಂತ ಕೇಳಿದರೆ, ಕಷ್ಟ ಇದೆ.