ಸಂಘದ ಹಣ ಯಾರ ಖಾತೆಯಲ್ಲಿರಬೇಕು?

ಪ್ರಶ್ನೆ: ಮಾವಿನಕೆರೆಯ ದಂಡೆಯಲ್ಲಿ ಸಂಜೆ ಸೇರುತ್ತಿದ್ದ ನಾವು 31 ಮಂದಿ ನಿವೃತ್ತರು ಈಗ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೇವೆ. ನಮ್ಮಲ್ಲಿ ಮಾಸ್ತರರಿದ್ದಾರೆ, ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ದುಡಿದವರಿದ್ದಾರೆ. ದಿನಪತ್ರಿಕೆ, ಕೇರಂ, ಇಸ್ಪೀಟು, ಶನಿವಾರ ಒಗ್ಗರಣೆ–ಮಿರ್ಚಿ, ಇಷ್ಟು ನಮ್ಮ ಸಂಘ. ತಿಂಗಳಿಗೆ ತಲಾ 200 ರೂಪಾಯಿ ವಂತಿಗೆ ಖಜಾಂಚಿಯವರ ಸ್ವಂತ ಉಳಿತಾಯ ಖಾತೆಗೆ ಸೇರುತ್ತದೆ. ಈಗ ಅಲ್ಲಿ 84 ಸಾವಿರವಿದೆ. ಕಳೆದ ತಿಂಗಳು ಅವರು ಎದೆನೋವಿನಿಂದ ಆಸ್ಪತ್ರೆ ಸೇರಿದಾಗ ಬಾಡಿಗೆ ಕಟ್ಟುವುದಕ್ಕೂ ಆಗಲಿಲ್ಲ. ಸಂಘವನ್ನು ನೋಂದಾಯಿಸಬೇಕೇ? ಇಸ್ಪೀಟಿನಿಂದ ಪೊಲೀಸರ ತಂಟೆ ಬಂದೀತೇ?
– ನಿವೃತ್ತ ಮುಖ್ಯೋಪಾಧ್ಯಾಯರು, ರಾಯಚೂರು

ಉತ್ತರ: ಮಾನ್ಯರೇ, ತಾವು ಇಸ್ಪೀಟಿಗೆ ಅಂಜಿದ್ದೀರಿ, ನನಗೆ ಅಂಜಿಕೆಯಾದದ್ದು ಆ 84 ಸಾವಿರದ ಬಗ್ಗೆ. ಖಜಾಂಚಿಯವರು ಎಷ್ಟೇ ಪ್ರಾಮಾಣಿಕರಾಗಿರಲಿ, ಬ್ಯಾಂಕಿನ ಲೆಕ್ಕದಲ್ಲಿ ಅದು ಅವರ ಸ್ವಂತ ಹಣ. ಅವರಿಗೆ ಏನಾದರೂ ಆದರೆ ಬ್ಯಾಂಕಿನವರು ಅದನ್ನು ನಾಮಿನಿಗೆ ಕೊಡುತ್ತಾರೆಯೇ ಹೊರತು ನಿಮ್ಮ ವಂತಿಗೆಯ ನೋಟ್‌ಬುಕ್ಕನ್ನು ತೆರೆದು ನೋಡುವುದಿಲ್ಲ. ಆಗ ದುಃಖದಲ್ಲಿರುವ ಮನೆಯವರ ಮುಂದೆ ಹೋಗಿ ಹಣ ಕೇಳುವ ಪ್ರಸಂಗ ಯಾರಿಗೂ ಬೇಡ.

ಆದ್ದರಿಂದ ನೋಂದಾಯಿಸಿರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಏಳು ಮಂದಿ ಸೇರಿ ಸಂಘದ ಜ್ಞಾಪನ ಪತ್ರಕ್ಕೆ ಸಹಿ ಮಾಡಿದರೆ ಸಾಕು. ಅದರ ಜೊತೆಗೆ ಬೈಲಾ ಮತ್ತು ಕಚೇರಿಯ ವಿಳಾಸಕ್ಕೆ ಆಧಾರ ಬೇಕಾಗುತ್ತದೆ. ಮನೆ ಮಾಲೀಕರಿಂದ ಒಪ್ಪಿಗೆ ಪತ್ರವನ್ನು ಈಗಲೇ ಪಡೆದುಕೊಳ್ಳಿರಿ. ಉದ್ದೇಶದ ಜಾಗದಲ್ಲಿ ಬರಿ ‘ಕಾಲಕ್ಷೇಪ’ ಎಂದು ಬರೆಯಬೇಡಿರಿ. ಕಾಯ್ದೆಯು ಹೆಸರಿಸುವ ಉದ್ದೇಶಗಳಲ್ಲಿ ಕ್ರೀಡೆ, ಸಾಹಿತ್ಯ ಹಾಗೂ ಸದಸ್ಯರ ವಾಚನಾಲಯ ಸೇರಿವೆ, ನೀವು ದಿನವೂ ಮಾಡುತ್ತಿರುವುದೂ ಬಹುಮಟ್ಟಿಗೆ ಅದನ್ನೇ. ಸದಸ್ಯತ್ವದ ಕಲಮಿನಲ್ಲಿ ‘ನಿವೃತ್ತ ಪುರುಷರು’ ಎಂಬುದರ ಬದಲು ‘60 ವರ್ಷ ದಾಟಿದವರು’ ಎಂದಿರಲಿ. ನಾಳೆ ನಿಮ್ಮೊಡನೆ ಪಾಠ ಮಾಡಿದ ಶಿಕ್ಷಕಿಯೊಬ್ಬರು ಪತ್ರಿಕೆ ಓದಲು ಬಂದರೆ ಬೈಲಾ ತೋರಿಸಿ ವಾಪಸು ಕಳಿಸುವುದು ಚೆನ್ನಾಗಿರುವುದಿಲ್ಲ.

ನೋಂದಣಿಯಾದ ಮೇಲೆ ಸಂಘದ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಠರಾವು ಪಾಸು ಮಾಡಿ, ಇಬ್ಬರ ಜಂಟಿ ಸಹಿಯ ಖಾತೆ ತೆರೆಯಿರಿ. ಸಹಿಯ ಅಧಿಕಾರವನ್ನು ಮೂವರಿಗೆ ಕೊಟ್ಟು ಅವರಲ್ಲಿ ಯಾರಾದರೂ ಇಬ್ಬರು ಸಹಿ ಮಾಡಬಹುದೆಂದು ಬರೆಸಿದರೆ ಒಬ್ಬರು ಆಸ್ಪತ್ರೆ ಸೇರಿದರೂ ಬಾಡಿಗೆ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಸರ್ವ ಸದಸ್ಯರ ಸಭೆ ಕರೆದು, ಅದಾದ 14 ದಿನಗಳೊಳಗೆ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕಪರಿಶೋಧನೆಯಾದ ಜಮಾ–ಖರ್ಚನ್ನೂ ನೋಂದಣಾಧಿಕಾರಿಗಳಿಗೆ ಸಲ್ಲಿಸಬೇಕು. ಬಹುತೇಕ ಸಣ್ಣ ಸಂಘಗಳು ಎಡವುವುದು ಇಲ್ಲಿಯೇ: ಮೊದಲ ವರ್ಷದ ಉತ್ಸಾಹ ಮೂರನೆಯ ವರ್ಷಕ್ಕೆ ಇರುವುದಿಲ್ಲ. ಇನ್ನೊಂದು ಮಾತು ತಿಳಿದಿರಲಿ, ಸದಸ್ಯರಲ್ಲಿ ಮೂರನೇ ಒಂದು ಭಾಗದಷ್ಟು ಜನ, ಅಂದರೆ ನಿಮ್ಮಲ್ಲಿ 11 ಮಂದಿ, ಅರ್ಜಿ ಕೊಟ್ಟರೆ ನೋಂದಣಾಧಿಕಾರಿಗಳು ಸಂಘದ ವಿಚಾರಣೆ ನಡೆಸಬೇಕಾಗುತ್ತದೆ.

ಇನ್ನು ಇಸ್ಪೀಟು. ಸಿಕಂದರಾಬಾದಿನ ಕ್ಲಬ್ಬೊಂದರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಮ್ಮಿ ಮುಖ್ಯವಾಗಿ ಕೌಶಲದ ಆಟವೆಂದು ಹೇಳಿದೆ. ಮೂರೆಲೆಯ ಆಟ ಹಾಗಲ್ಲವೆಂದೂ ಅದೇ ತೀರ್ಪಿನಲ್ಲಿದೆ. ಆದರೆ ಪಣದ ಹಣದಲ್ಲಿ ಕ್ಲಬ್ಬು ಲಾಭ ಹೊಡೆದರೆ ಅಪರಾಧವಾಗಬಹುದೆಂಬ ಎಚ್ಚರಿಕೆಯೂ ಅದರಲ್ಲಿದೆ. ಅಂದರ್ ಬಾಹರ್ ಅಂತೂ ಕೋಣೆಯ ಹೊಸ್ತಿಲು ದಾಟಬಾರದು. ಮೇಜಿನ ಮೇಲೆ ಹಣ ಇಡದೆ, ಸೋತವರು ಚಹಾ ಕುಡಿಸುವುದಷ್ಟನ್ನೇ ಇಟ್ಟುಕೊಳ್ಳಿರಿ.

ಮೊದಲು ಆಗಬೇಕಾದದ್ದು, ಖಜಾಂಚಿಯವರು ಚೇತರಿಸಿಕೊಂಡಿರುವಾಗಲೇ ಆ ಹಣದ ಬಗ್ಗೆ ಅವರಿಂದ ಒಂದು ಬರಹ, ಹೊಸ ಖಾತೆ ಆದ ದಿನ ಒಂದು ಚೆಕ್ಕು. ಅವರ ಮನೆಗೆ ಹೋಗುವಾಗ ಹಣ್ಣು ತೆಗೆದುಕೊಂಡು ಇಬ್ಬರೇ ಹೋಗಿರಿ. ಎಲ್ಲರೂ ಹೋದರೆ ಲೆಕ್ಕ ಕೇಳಲು ಬಂದರೆಂದು ಅವರು ನೊಂದುಕೊಂಡಾರು.