ಅಮೆರಿಕದ ಅಂತರ್ಯುದ್ಧದಲ್ಲಿ ಸತ್ತ ಸೈನಿಕರ ಮನೆಪತ್ರಗಳು ಸರ್ಕಾರಿ ಕಡತಕ್ಕೆ ಸೇರಿದ್ದು ಹೇಗೆ?

ಪಿಂಚಣಿಗಾಗಿ. ಸತ್ತವನ ಹೆಂಡತಿಯೋ ತಾಯಿಯೋ ತಮ್ಮ ಹಕ್ಕು ಸಾಬೀತು ಮಾಡಲು ಮನೆಯಲ್ಲಿದ್ದ ಪತ್ರಗಳನ್ನೇ ಅರ್ಜಿಗೆ ಲಗತ್ತಿಸಿದರು. ಅವು ಫೈಲಿನಲ್ಲೇ ಉಳಿದುಬಿಟ್ಟವು.

ಯುದ್ಧ ನಡೆದದ್ದು 1861ರಿಂದ 1865ರವರೆಗೆ. 1862ರ ಜುಲೈನಲ್ಲಿ ಉತ್ತರದ ಒಕ್ಕೂಟ ಸರ್ಕಾರ ಪಿಂಚಣಿ ಕಾಯ್ದೆ ತಂದಿತು. ಸಾಮಾನ್ಯ ಸಿಪಾಯಿಯ ವಿಧವೆಗೆ ತಿಂಗಳಿಗೆ 8 ಡಾಲರ್. ಆದರೆ ಮದುವೆಗೆ ಪುರಾವೆ ಬೇಕು. ತಾಯಿಯಾದರೆ, ಮಗನ ದುಡಿಮೆಯನ್ನೇ ನೆಚ್ಚಿಕೊಂಡಿದ್ದೆ ಎಂದು ತೋರಿಸಬೇಕು. ಸಂಬಳದಲ್ಲಿ ಇಷ್ಟು ಕಳಿಸಿದ್ದೇನೆ ಎಂಬ ಒಂದೇ ಸಾಲಿಗಾಗಿ ಇಡೀ ಪತ್ರ ಕಚೇರಿ ಸೇರಿತು. ಅದರ ಜೊತೆಗೆ ಶಿಬಿರದ ಭೇದಿ, ಕಲ್ಲಿನಂಥ ಬಿಸ್ಕತ್ತು, ಮನೆಯವರ ಯೋಗಕ್ಷೇಮ ಎಲ್ಲವೂ.

ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ಸೈನಿಕರ ಕುಟುಂಬಗಳ ಕಥೆ ಬೇರೆ. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲ, ಪ್ರಮಾಣಪತ್ರ ಎಲ್ಲಿಂದ ತರುವುದು? ಹಾಗಾಗಿ ನೆರೆಯವರ, ಕೆಲವೊಮ್ಮೆ ಹಳೇ ಯಜಮಾನರ ಹೇಳಿಕೆಗಳನ್ನೂ ಬರೆಸಿಕೊಂಡರು. ಅಕ್ಷರ ಕಲಿಯುವ ಅವಕಾಶವನ್ನೇ ಕಳೆದುಕೊಂಡಿದ್ದ ಜನರ ಬದುಕು ಇಷ್ಟು ಹತ್ತಿರದಿಂದ ಸಿಗುವ ಜಾಗ ಅಪರೂಪ. ನನಗಂತೂ ಸೇನಾಪತಿಗಳ ಡೈರಿಗಿಂತ ಇವೇ ಮೇಲು.

ಈ ಫೈಲುಗಳು ಈಗ ವಾಷಿಂಗ್ಟನ್‌ನ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ದಕ್ಷಿಣದ ಪಡೆಯವರನ್ನು ಮಾತ್ರ ಇಲ್ಲಿ ಹುಡುಕಬೇಡಿ. ಅವರಿಗೆ ಪಿಂಚಣಿ ಕೊಟ್ಟಿದ್ದು ಆಯಾ ರಾಜ್ಯಗಳು, ಕಾಗದಗಳೂ ಅಲ್ಲೇ.